ಬಿಸಿಲಿಗೆ ಹರವಿದ ಸೆಲ್ಲುಗಳು

ನಿಮ್ಮ ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗಿದ್ದಿರಬಹುದು. ಮತ್ತೋಡಿನ ನಮ್ಮ ದೊಡ್ಡಪ್ಪನ ಮಾಳಿಗೆಯ ಮೇಲೆ ಅವುಗಳ ಪಂಕ್ತಿಯಲ್ಲೇ ರೇಡಿಯೋದ ಸೆಲ್ಲುಗಳೂ ಒಣಗುತ್ತಿದ್ದವು. ಎಪ್ಪತ್ತರ ದಶಕದಲ್ಲಿ ಕುರಿ ಮಾರಿ ಹೊಸದುರ್ಗದಿಂದ ಟ್ರಾನ್ಸಿಸ್ಟರ್ ತಂದವನು ಅದನ್ನು ಕೇಳಿದ್ದಕ್ಕಿಂತ ಕಾಪಾಡಿದ್ದೇ ಹೆಚ್ಚು. ವಾರ್ತೆ ಮುಗಿದೊಡನೆ ಸೆಲ್ಲು ಕಳಚಿ ಬಿಸಿಲಿಗೆ ಹರವಬೇಕು, ಕಾಗೆ ಮುಟ್ಟದಂತೆ ದೊಡ್ಡಮ್ಮ ಕಾಯಬೇಕು.

"ಬಿಸ್ಲು ಕುಡಿದ್ರೆ ಸೆಲ್ಲಿಗೆ ಶಕ್ತಿ ಬರ್ತೈತೆ ಕಣೇ" ಎಂಬುದು ಅವನ ಸಿದ್ಧಾಂತ. ಕಾವು ತಾಗಿದ ಸೆಲ್ಲು ಒಂದಿಷ್ಟು ಹೊತ್ತು ದನಿಯೆತ್ತುವುದೇನೋ ನಿಜ. ಆದರೆ ಆ ಕಾವೇ ಅದರ ಒಡಲನ್ನು ಒಣಗಿಸಿ ಆಯುಷ್ಯ ಕಡಿಯುತ್ತದೆಂದು ಅವನಿಗೆ ಹೇಳುವ ಧೈರ್ಯ ಯಾರಿಗಿತ್ತು? ವಸ್ತು ಬಾಳಲೆಂದು ಅದನ್ನು ಬಾಳಗೊಡದ ಈ ಜಾಣತನಕ್ಕೆ ನಾವು, ಮಿತ್ರರೇ, ಮಿತವ್ಯಯವೆಂಬ ಮರ್ಯಾದೆಯ ಹೆಸರಿಟ್ಟು ಕೈ ಮುಗಿಯುತ್ತೇವೆ.

ದೊಡ್ಡಮ್ಮನ ತಮ್ಮ ಬಬ್ಬೂರಿನಲ್ಲಿ ಕುರಿ ಸಾಕುವ ಕೆಲಸಕ್ಕಿದ್ದ. ಭಾವನ ಮೇಲೆ ಮುನಿದು ಈ ಮನೆಗೆ ಕಾಲಿಡುವುದನ್ನೇ ಬಿಟ್ಟಿದ್ದ. ಅವನು ಒಂದು ಸಂಜೆ ರೇಡಿಯೋದ ರೈತರ ಕಾರ್ಯಕ್ರಮದಲ್ಲಿ ಕುರಿ ಸಾಕುವುದರ ಬಗ್ಗೆ ಮಾತಾಡುತ್ತಾನೆಂದು ಸುದ್ದಿ ಬಂತು. ಮುಖವಂತೂ ಇಲ್ಲ, ದನಿಯಾದರೂ ಸಿಗಲೆಂದು ದೊಡ್ಡಮ್ಮನ ಜೀವ ಹಂಬಲಿಸಿತು. ಹೊಸ ಸೆಲ್ಲು ತನ್ನಿರೆಂದು ಬೇಡಿದಳು. ದೊಡ್ಡಪ್ಪ ಹಳೆಯವನ್ನೇ ಬೆಳಗಿನಿಂದ ಸುಡುಬಿಸಿಲಿಗೆ ಹಾಕಿದ.

ಸಂಜೆ ನಾವೆಲ್ಲ ಜಗುಲಿಯಲ್ಲಿ ಕುಳಿತೆವು. ತಮ್ಮನ ಹೆಸರು ಬಂತು, ಅವನು ನಮಸ್ಕಾರವೆಂದ, ಅಷ್ಟಕ್ಕೇ ದನಿ ಇಳಿದು, ಗೊರಗೊರ ಎಂದು ನಿಂತೇಹೋಯಿತು.

"ನಿನ್ ತಮ್ಮಂದು ಮೊದ್ಲೇ ಸಣ್ಣ ಗಂಟ್ಲು" ಎಂದು ದೊಡ್ಡಪ್ಪ ತೀರ್ಪಿತ್ತ. ಕುರಿಗಳನ್ನು ಕರೆದರೆ ಗುಡ್ಡದಾಚೆಗೆ ಕೇಳುವ ಗಂಟಲದು! ದೊಡ್ಡಮ್ಮ ಅವನನ್ನೇ ನೋಡುತ್ತ ಕುಳಿತಳು. ಆ ನೋಟ ತಾಳಲಾರದೆ ಬಹಳ ಹೊತ್ತಿನ ಮೇಲೆ ಅವನು ಎದ್ದು, ಟ್ರಂಕು ತೆಗೆದು, ಪಂಚೆಗಳ ಅಡಿಯಿಂದ ಹೊಚ್ಚ ಹೊಸ ಸೆಲ್ಲುಗಳನ್ನು ತಂದ. ಒಳ್ಳೆಯ ಸಂದರ್ಭಕ್ಕಿರಲೆಂದು ಎಂದೋ ಕೊಂಡು ಬಚ್ಚಿಟ್ಟಿದ್ದನಂತೆ! ಇದಕ್ಕಿಂತ ಒಳ್ಳೆಯ ಸಂದರ್ಭ ಯಾವುದಿತ್ತೋ ಪುಣ್ಯಾತ್ಮನಿಗೆ. ನನಗೆ ಇಂದಿಗೂ ಸಿಟ್ಟು ಇಳಿದಿಲ್ಲ.

ಹೊಸ ಸೆಲ್ಲು ಬಿದ್ದದ್ದೇ ರೇಡಿಯೋ ಬೀದಿಗೆಲ್ಲ ಕೇಳುವಂತೆ ಗರ್ಜಿಸಿತು: ಇದುವರೆಗೆ ಮಾತಾಡಿದವರಿಗೆ ವಂದನೆಗಳು, ಕಾರ್ಯಕ್ರಮ ಮುಗಿಯಿತು.

"ನೋಡೇ, ಎಷ್ಟ್ ಸಾಫಾಗಿ ಕೇಳ್ತೈತೆ!" ದೊಡ್ಡಪ್ಪ ಹಿಗ್ಗಿದ.

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು.

"ರೇಡಿಯೋ ಆರಿಸ್ರಿ, ಸೆಲ್ಲು ಖರ್ಚಾಗ್ತವೆ" ಎಂದು ಒಳಗೆ ಹೋದಳು.