ಹೊನವಾಡದಿಂದ ಹೋಗದ ಫೋಟೊ

ನಮ್ಮ ಕಂಪನಿ ಹೊಸ ನಮೂನಿ ಇಂಟರ್ನೆಟ್ ವಿಳಾಸ ಕೊಟ್ಟ ಮ್ಯಾಲೆ ಹೊನವಾಡದಾಗ ಒಣದ್ರಾಕ್ಷಿ ಮಾರೋ ಗೌರವ್ವನ ಮೆಸೇಜು ವ್ಯಾಪಾರಿಗೆ ಮುಟ್ಟತಿದ್ವು, ಮಾಲಿನ ಫೋಟೊ ಮಾತ್ರ ಮುಟ್ಟತಿರಲಿಲ್ಲ. ನೋಡಾಕ ನಾ ಹೋದೆ.

"ಮೆಸೇಜು, ಫೋಟೊ ಎಲ್ಲಾ ಗಂಟು ಕಟ್ಟಿ ಕಳಸ್ತೇವ್ರಿ. ದಾರಿ ನಡುವಿನ ಹಳೇ ಮಷೀನಿಗೆ ಹೊಸ ವಿಳಾಸ ಓದಾಕ ಬರಂಗಿಲ್ರಿ. ಅದಕ್ಕ ಗಂಟಿನ ಮ್ಯಾಲೆ ಒಂದು ಚೀಟಿ ಅಂಟಸ್ತೇವಿ. ಮೆಸೇಜಿನ ಸಣ್ಣ ಗಂಟು ದಾಟ್ತದ, ಫೋಟೊದ ದೊಡ್ಡ ಗಂಟಿಗೆ ಚೀಟಿನೂ ಸೇರಿದ್ರ ಆ ಮಷೀನಿನಾಗ ಹಿಡಿಸಂಗಿಲ್ಲ," ಅಂದೆ.

"ಹಿಡಿಸಲಿಲ್ಲಂದ್ರ ಹೇಳಬೇಕಲ್ರಿ?" ಅಂದ್ಲು ಗೌರವ್ವ. "ಬಸ್ಸಿನಾಗ ಬುತ್ತಿ ಕಳಸಾಕ ಹೋದ್ರ ಕಂಡಕ್ಟರ್ ಸೈತ ಜಾಗಾ ಇಲ್ಲ ಬೇ ಯವ್ವಾ ಅಂತಾನ."

"ಇದು ಹೇಳಂಗಿಲ್ರಿ. ಸುಮ್ನ ಒಗದ ಬಿಡ್ತದ."

ಆ ಮಷೀನಿನಾಗ ಹಿಡಿಸೋ ಗಂಟಿನ ಮಿತಿ ಏರಸ್ರಿ ಅಂತ ಆಫೀಸಿಗೆ ಫೋನ್ ಹಚ್ಚಿದ್ದೆ. ಅಷ್ಟರಾಗ ಆಕಿ ಮೊಬೈಲಿಗೆ ವ್ಯಾಪಾರಿ ಮೆಸೇಜು ಬಂತು: "ಫೋಟೊ ಬರಲಿಲ್ಲ, ಬ್ಯಾರೆ ಕಡೆ ತಗೊಂಡೇನ್ರಿ."

ಗೌರವ್ವ ಓದಿ ಮೊಬೈಲು ನನ್ನ ಕಡೆ ತಿರುವಿದ್ಲು. ಸಣ್ಣ ಮಾತು ನೋಡ್ರಿ, ಎಲ್ಲೂ ನಿಲ್ಲದ ಬಂದಿತ್ತು.