ನರ್ಸ್ ಫೋಟೋದಲ್ಲಿದ್ದ ಅಕ್ಕ

ಎದುರಿನವರನ್ನು ನೋಡುತ್ತ ಮಾತಾಡುವಾಗ ಅಕ್ಕ ಕಣ್ಣು ಮಿಟುಕಿಸುತ್ತಿರಲಿಲ್ಲ. ಕಾಡಿಗೆ ಹಚ್ಚದಿದ್ದರೂ ಹಚ್ಚಿದಂತೆ ಕಾಣುವ ದೊಡ್ಡ ಕಣ್ಣುಗಳು. "ಕ್ಯಾಮೆರಾ ಮುಖದ ಹತ್ರ ಬಂದಾಗ ಮಿಟುಕಿಸಿದ್ರೆ ಮತ್ತೆ ತೆಗೀಬೇಕು ಕಣೇ, ಅಭ್ಯಾಸ ಆಗೋಯ್ತು" ಎನ್ನುತ್ತಿದ್ದಳು.

ಮೈಸೂರಿನಲ್ಲಿ ನಾಟಕ ಆಡುತ್ತಿದ್ದವಳು ಜರ್ಮನಿಯವರೊಬ್ಬರನ್ನು ಮದುವೆಯಾಗಿ ಬರ್ಲಿನ್ನಿಗೆ ಹೋದಳು. ಅಲ್ಲಿನ ಸಿನಿಮಾಗಳಲ್ಲಿ ಮೊದಮೊದಲು ಟ್ರೇ ಹಿಡಿದು ಬಂದುಹೋಗುವ ಮಾತಿಲ್ಲದ ಪಾತ್ರಗಳು. ಒಗ್ಗರಣೆ ಹಾಕುತ್ತ ಜರ್ಮನ್ ಸಂಭಾಷಣೆ ಹೇಳಿಕೊಂಡು ಭಾಷೆ ಕಲಿತಳು. ನಲವತ್ತು ದಾಟಿದ ಮೇಲೆ, ಕಳೆದುಹೋದ ಮಗನನ್ನು ಹುಡುಕುವ ತಾಯಿಯ ಪಾತ್ರ ಸಿಕ್ಕಿತು. ಟ್ರಾಮಿನಲ್ಲಿ ಜನ ಗುರುತು ಹಿಡಿಯತೊಡಗಿದರು. ಆಮೇಲೆ ಬಹಳ ವರ್ಷ ಟಿವಿ ಧಾರಾವಾಹಿಯೊಂದರಲ್ಲಿ ನರ್ಸ್.

ಆ ನರ್ಸ್ ವೇಷದ ಫೋಟೋ ಮಿಶಿಗನ್ ರಾಜ್ಯದ ರಾಚೆಸ್ಟರ್ ಹಿಲ್ಸಿನ ನಮ್ಮ ಮನೆಯ ಹಾಲಿನಲ್ಲಿತ್ತು. ನಾನು ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟವಳು. ಮನೆಗೆ ಬರುವವರೆಲ್ಲ ಡಾಕ್ಟರು, ಎಂಜಿನಿಯರು. ಯಾರೋ "ನಿಮ್ಮಕ್ಕ ನರ್ಸಾ?" ಎಂದಾಗ ಹೂಂ ಅಂದುಬಿಟ್ಟೆ. ಸಿನಿಮಾದವಳು ಎಂದರೆ ಏನಂದುಕೊಳ್ಳುತ್ತಾರೋ ಎಂಬ ಭಯ. ಮುಂದೆ ಕೇಳಿದವರಿಗೆಲ್ಲ ಅದನ್ನೇ ಹೇಳಿದೆ.

ಅಕ್ಕ ನಮ್ಮಲ್ಲಿಗೆ ಬಂದಿದ್ದ ಬೇಸಿಗೆಯಲ್ಲಿ, ಕಾರಿನಲ್ಲಿ ಐದಾರು ಗಂಟೆ ದೂರದ ಲೊಂಬಾರ್ಡಿನಲ್ಲಿದ್ದ ನನ್ನ ಗಂಡನ ಗೆಳೆಯನ ಮನೆಗೆ ನಾಮಕರಣಕ್ಕೆ ಹೋದೆವು. ಅವನ ಹೆಂಡತಿ, "ನಿಮ್ಮ ತಂಗಿ ಹೇಳಿದ್ರು, ಜರ್ಮನೀಲಿ ನರ್ಸ್ ಅಂತಲ್ಲ ಆಂಟಿ ನೀವು" ಎಂದಳು. ಅಕ್ಕ ನನ್ನತ್ತ ತಿರುಗಿದಳು. ನಾನು ಹಪ್ಪಳ ಮುರಿಯುತ್ತಿದ್ದೆ.

"ಹೂಂ, ರಿಟೈರ್ ಆದೆ" ಎಂದಳು, ನನಗೋಸ್ಕರ.

ಊಟದ ನಡುವೆ, ಊರಿಂದ ಬಂದಿದ್ದ ಗೆಳೆಯನ ತಂದೆ ಎದೆ ಹಿಡಿದುಕೊಂಡು ಸೋಫಾದಿಂದ ಜಾರಿದರು. ಮೈಯೆಲ್ಲ ಬೆವರು. ಅಂದು ಅಲ್ಲಿದ್ದವರೆಲ್ಲ ಕಂಪ್ಯೂಟರಿನವರು. ಎಲ್ಲರೂ ಅಕ್ಕನ ಮುಖ ನೋಡಿದರು. ಗೆಳೆಯ ಫೋನ್ ಹಿಡಿದು, "ಆಂಟಿ, ಗ್ಯಾಸ್ ಇರಬಹುದಾ? ಅಪ್ಪನ ಇನ್ಶೂರೆನ್ಸ್ ಬೇರೆ ಸರಿಯಿಲ್ಲ. 911ಗೆ ಮಾಡಿ ಆಂಬುಲೆನ್ಸ್ ಕರೀಲಾ, ನೀವೇ ನೋಡ್ತೀರಾ?" ಎಂದ.

ಅಕ್ಕ ಮತ್ತೆ ನನ್ನನ್ನು ನೋಡಿದಳು. ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

"ನಾನು ನರ್ಸ್ ಅಲ್ಲಪ್ಪ, ಸಿನಿಮಾದಲ್ಲಿ ಪಾರ್ಟ್ ಮಾಡೋಳು. ಈಗ್ಲೇ ಫೋನ್ ಮಾಡು" ಎಂದಳು.

ಅವರ ಪಕ್ಕ ನೆಲದ ಮೇಲೆ ಕೂತು ಕೈ ಹಿಡಿದಳು. "ನನ್ನ ಕಣ್ಣೇ ನೋಡಿ. ಊರಲ್ಲೀಗ ಮಾವಿನಹಣ್ಣಿನ ಕಾಲ ಅಲ್ವಾ? ರಸಪುರಿ ಇಷ್ಟಾನಾ, ಬಾದಾಮಿನಾ? ಮಾತಾಡ್ಬೇಡಿ, ರಸಪುರಿ ಆದ್ರೆ ಕೈ ಅದುಮಿ." ಆಂಬುಲೆನ್ಸ್ ಬರುವವರೆಗೆ ಆ ಕಣ್ಣು ಮಿಟುಕಲಿಲ್ಲ. ಸಂಜೆ ಆಸ್ಪತ್ರೆಯಿಂದ ಫೋನ್ ಬಂತು, ಅವರು ಉಳಿದುಕೊಂಡರು.

ನಾವು ಹೊರಡುವಾಗ ಗೆಳೆಯನ ಹೆಂಡತಿ ಬಾಗಿಲಲ್ಲಿ ನಿಂತು, "ಪ್ರಾಣ ಹೋಗೋ ಹೊತ್ತಲ್ಲಿ ನಾಟಕನಾ ಆಂಟಿ? ಯಾಕೆ ಸುಳ್ಳು ಹೇಳಿದ್ರಿ?" ಎಂದಳು.

"ತಪ್ಪಾಯ್ತಮ್ಮ" ಎಂದಳು ಅಕ್ಕ. ಆಗಲೂ ನಾನು ಬಗ್ಗಿ ಚಪ್ಪಲಿ ಹುಡುಕುತ್ತಿದ್ದೆ.

ಕಾರು ಮಿಶಿಗನ್ ಗಡಿ ದಾಟಿತು. ಆಮೇಲೆ ಅಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ, "ಎಷ್ಟು ಸಣ್ಣ ಪಾರ್ಟ್ ಮಾಡಿದ್ರೂ ಕೊನೇಲಿ ಪರದೆ ಮೇಲೆ ನನ್ನ ಹೆಸರು ಹಾಕ್ತಿದ್ರು ಕಣೇ" ಎಂದಳು. ಅವಳ ಕಣ್ಣು ಪಟಪಟನೆ ಮಿಟುಕುತ್ತಿತ್ತು.

ಕಳೆದ ಚಳಿಗಾಲದಲ್ಲಿ ಬರ್ಲಿನ್ನಿನಲ್ಲಿ ತೀರಿಕೊಂಡಳು. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಫೋನ್ ಮಾಡಿ, ಹಿಮ ಬಿತ್ತಾ, ಊಟ ಆಯ್ತಾ ಎಂದು ಕೇಳಿ ಇಟ್ಟುಬಿಟ್ಟಿದ್ದೆ.

ನಮ್ಮ ಕನ್ನಡ ಕೂಟದ ಈ ಪತ್ರಿಕೆ ಲೊಂಬಾರ್ಡಿನ ಆ ಮನೆಗೂ ಹೋಗುತ್ತದೆ. ಅವರು ಓದಲೆಂದೇ ಬರೆಯುತ್ತಿದ್ದೇನೆ. ನಮ್ಮಕ್ಕ ಜರ್ಮನ್ ಸಿನಿಮಾದ ನಟಿ. ನಿಮ್ಮ ಮನೆಯಲ್ಲಿ ಅವಳಾಡಿದ ಸುಳ್ಳು ಅವಳದಲ್ಲ, ನನ್ನದು.