ಇಂಚ್ ಎಂಬ ಊರಿನವರು

ಗದಗ ಬಸ್ ನಿಲ್ದಾಣ, ಬೆಳಗಿನ ಹೊತ್ತು. ಮುಂಡರಗಿ ಬಸ್ಸು ಇನ್ನೂ ಬಂದಿಲ್ಲ. ನನ್ನನ್ನು ಕಳಿಸಲು ಅವ್ವ ಮಗ್ಗ ಬಿಟ್ಟು ಬೆಟಗೇರಿಯಿಂದ ಬಂದಿದ್ದಾಳೆ. ಅವಳ ಪಕ್ಕದಲ್ಲಿ ಕುಳಿತವರು ಐರ್ಲೆಂಡಿನ ಒಬ್ಬ ನರ್ಸ್. ಹತ್ತು ವರ್ಷ ಇಲ್ಲೇ ಇದ್ದು ನಮ್ಮ ಹಾಗೇ ಮಾತಾಡುತ್ತಾರೆ.

“ನಿಮ್ಮೂರ ಹೆಸರೇನ್ರಿ?” ಎಂದಳು ಅವ್ವ.

“ಇಂಚ್ ಅಂತ್ರಿ.”

ಅವ್ವ ನಕ್ಕು ಹೆಬ್ಬೆರಳಿನ ಗೆಣ್ಣು ತೋರಿಸಿದಳು. “ಇಷ್ಟ ಏನ್ರಿ? ದಿನಾ ಸೀರಿ ದಡಿ ಅಳೀತೀನಿ, ಇಂಚಿನ್ಯಾಗ ಮಂದಿ ಇರ್ತಾರಂತ ಗೊತ್ತಿರಲಿಲ್ಲ!”

ನರ್ಸ್ ಕೂಡ ನಕ್ಕರು. ಅವರ ಹಳೆಯ ಭಾಷೆಯಲ್ಲಿ ಅದಕ್ಕೆ ಹೊಳೆದಂಡೆಯ ಹುಲ್ಲುಗಾವಲು ಎಂದರ್ಥವಂತೆ. ಒಂದು ಚರ್ಚು, ಒಂದು ಶಾಲೆ, ಒಂದು ಅಂಗಡಿ, ಉಳಿದದ್ದೆಲ್ಲ ಕುರಿ. ಅವ್ವ ಬಿಡಲಿಲ್ಲ. ಶಾಲೆಯಲ್ಲಿ ಮಕ್ಕಳೆಷ್ಟು, ಕಲಿಸುವವರು ಯಾರು, ನೀರು ಎಲ್ಲಿಂದ ತರುತ್ತಾರೆ, ಎಲ್ಲ ಕೇಳಿದಳು.

ನನಗೆ ಹೊಟ್ಟೆ ಉರಿಯಿತು. ಮುಂಡರಗಿಯಲ್ಲಿ ಒಂಟಿ ಕೋಣೆ ಹಿಡಿದು ಮೂರು ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ. ನನ್ನ ಶಾಲೆ ಯಾವ ದಿಕ್ಕಿಗಿದೆ ಎಂದು ಅವಳು ಒಮ್ಮೆಯೂ ಕೇಳಿಲ್ಲ.

ನರ್ಸ್ ಶಿರಹಟ್ಟಿ ಬಸ್ಸು ಹತ್ತಿ ಹೋದ ಮೇಲೆ ಅಂದೇಬಿಟ್ಟೆ: “ಆಕಿ ಊರಾಗಿನ ಕುರಿ ಖಬರ ಸೈತ ಕೇಳಿದಿ. ನನ್ನ ಶಾಲಿ ಬಗ್ಗೆ ಯಾಕ ಕೇಳೂದಿಲ್ಲವ್ವಾ?”

ಅವ್ವ ಸೆರಗಿನ ತುದಿಯ ಎಳೆ ಬಿಡಿಸತೊಡಗಿದಳು.

“ಕೇಳಿದ್ರ, ನೀ ಇನ್ನ ಅಲ್ಲೇ ಇರಾಕಿ ಅಂತ ನಾ ಒಪ್ಪಿಕೊಂಡಂಗ ಆಗತೈತಿ” ಎಂದಳು.

ಅಷ್ಟರಲ್ಲಿ ಮುಂಡರಗಿ ಬಸ್ಸು ಬಂತು. ನಾನು ಕೈ ಹಾಕುವ ಮೊದಲೇ ಅವ್ವ ನನ್ನ ತಗಡಿನ ಟ್ರಂಕನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು, ನನಗೆ ಕಿಟಕಿ ಪಕ್ಕದ ಸೀಟು ಹಿಡಿಯಲು ಜನರ ನಡುವೆ ನುಗ್ಗಿದಳು.